ಕೆಂಪು ಬಟ್ಟೆ ಬಿಚ್ಚಿದ ನೆನಪು

ವಾಡಿಯಿಂದ ಶಹಾಬಾದಿಗೆ ಹೋಗುವ ಹಾದಿಯ ಬದಿಗಿದ್ದ ಆ ಪರ್ಸಿ ಹಾಸುಗಲ್ಲಿನ ಖಣಿಯಲ್ಲಿ, ಅಪಾಯದ ಗುರುತಾಗಿ ದಂಡೆಯ ಕಂಬಕ್ಕೆ ಕಟ್ಟಿದ ಕೆಂಪು ಬಟ್ಟೆ ಬಿಚ್ಚುವ ಅಧಿಕಾರ ಒಬ್ಬನಿಗೇ ಇತ್ತು. ಮದ್ದಿಗೆ ಬೆಂಕಿ ಕೊಟ್ಟವನೇ ಬಿಚ್ಚಬೇಕು. ಮಾಲೀಕ ಬಂದು ನಿಂತರೂ, ಕಲ್ಲು ಒಯ್ಯಲು ಬಂದ ಲಾರಿಗಳು ಹಾರ್ನ್ ಹೊಡೆದರೂ ಬೇರೆಯವರು ಆ ಗಂಟಿಗೆ ಕೈ ಹಚ್ಚುವಂತಿರಲಿಲ್ಲ. ಇದನ್ನು ಯಾರೂ ಎಲ್ಲಿಯೂ ಬರೆದಿಟ್ಟಿರಲಿಲ್ಲ. ಖಣಿಯ ಕೆಲಸಗಾರರು ತಮಗೆ ತಾವೇ ಹಾಕಿಕೊಂಡ ಕಟ್ಟಳೆ ಅದು.

ಪರ್ಸಿ ಪದರಿಗೆ ಮದ್ದು ಹಾಕುವುದಿಲ್ಲ, ಹಾಕಿದರೆ ಹಾಸುಗಲ್ಲು ಚೂರಾಗುತ್ತದೆ. ಅದರ ಮೇಲೆ ಕುಳಿತ ಗಟ್ಟಿ ಪದರನ್ನು ತೆಗೆಯಲು ಮಾತ್ರ ಕುಳಿ ಕೊರೆದು, ಮದ್ದು ತುಂಬಿ, ಬತ್ತಿ ಹಚ್ಚುತ್ತಿದ್ದರು. ಅದಕ್ಕೆ ಇಬ್ಬರು ಬೇಕು. ಒಬ್ಬ ಬತ್ತಿ ಹಚ್ಚಿ ಓಡಿ ಮರೆಗೆ ಹೋಗುವವನು. ಇನ್ನೊಬ್ಬ ದೂರದ ಮಣ್ಣಿನ ದಿಬ್ಬದ ಹಿಂದೆ ಕುಳಿತು ಸದ್ದು ಎಣಿಸುವವನು. ಕುಳಿ ಎಷ್ಟೋ ಸದ್ದೂ ಅಷ್ಟೇ ಆಗಬೇಕು. ಒಂದು ಕಡಿಮೆಯಾದರೆ ಒಂದು ಮದ್ದು ಸಿಡಿಯದೆ ಒಳಗೇ ಉಳಿದಿದೆ ಎಂದರ್ಥ, ಆ ದಿನ ಯಾರೂ ಕೆಳಗಿಳಿಯುವುದಿಲ್ಲ. ತೊಡಕು ಎಲ್ಲಿ ಎಂದರೆ, ಎರಡು ಮದ್ದು ಒಂದೇ ಕ್ಷಣಕ್ಕೆ ಸಿಡಿದರೆ ಕಿವಿಗೆ ಒಂದೇ ಸದ್ದು. ಹಾಗಾಗಿ ಎಣಿಸಿದವನ ಲೆಕ್ಕಕ್ಕಿಂತ ಬೆಂಕಿ ಕೊಟ್ಟವನ ಕಣ್ಣಿಗೆ ಹೆಚ್ಚು ಬೆಲೆ. ಅವನು ದಂಡೆಯ ಮೇಲಿಂದ ಕುಳಿಗಳನ್ನೆಲ್ಲ ನೋಡಿ, ಮನಸ್ಸಿಗೆ ಖಾತ್ರಿಯಾದರೆ ಕಂಬದ ಬಟ್ಟೆ ಬಿಚ್ಚುತ್ತಾನೆ. ಬಟ್ಟೆ ಇಳಿಯಿತೆಂದರೆ ಜನ ಇಳಿಯಬಹುದು.

ಎಂಬತ್ತರ ದಶಕದ ಮೊದಲ ವರ್ಷಗಳಲ್ಲಿ, ಒಂದು ದೀಪಾವಳಿ ಕಳೆದ ಮೇಲೆ, ಅಲ್ಲಿ ಅಪಘಾತವಾಯಿತು. ಬತ್ತಿ ಹಚ್ಚುವವನು ಅಣ್ಣ, ಸದ್ದು ಎಣಿಸುವವನು ಅವನ ಸ್ವಂತ ತಮ್ಮ. ಮದ್ದು ಸಿಡಿದು ಹೊಗೆ ಆರಿದ ಮೇಲೆ ತಮ್ಮ ದಿಬ್ಬದಿಂದ ಎದ್ದು ಹಾರೆ ಹಿಡಿದು ಖಣಿಗೆ ಇಳಿದ. ಉಳಿದಿದ್ದ ಒಂದು ಮದ್ದು ಆಗ ಸಿಡಿಯಿತು. ತಮ್ಮ ಅಲ್ಲೇ ತೀರಿಕೊಂಡ. ಮೇಲೆ ದಂಡೆಯ ಕಾಲುದಾರಿಯಲ್ಲಿದ್ದ ಅಣ್ಣನ ತಲೆಗೆ ಕಲ್ಲು ಬಡಿಯಿತು. ಅವನು ಬಿದ್ದದ್ದು ತನ್ನ ಮರೆಗೂ ಕಂಬಕ್ಕೂ ನಡುವೆ. ಕಂಬಕ್ಕೆ ಹೋಗುತ್ತಿದ್ದನೋ, ಕಂಬದಿಂದ ತಿರುಗಿ ಬರುತ್ತಿದ್ದನೋ, ಬಿದ್ದ ಜಾಗದಿಂದ ತಿಳಿಯುವಂತಿರಲಿಲ್ಲ. ಕಂಬದ ಮೇಲೆ ಬಟ್ಟೆ ಇರಲಿಲ್ಲ.

ನಾನು ಆಗ ವಾಡಿಯಲ್ಲಿದ್ದು ಒಂದು ಕನ್ನಡ ದಿನಪತ್ರಿಕೆಗೆ ವರದಿ ಕಳಿಸುತ್ತಿದ್ದೆ. ಸಂಜೆಯ ಗಾಡಿಗೆ ಲಕೋಟೆ ಕೊಡುವುದು, ದೊಡ್ಡ ಸುದ್ದಿಯಾದರೆ ಟ್ರಂಕ್ ಕಾಲ್ ಹಾಕಿ ಕಾಯುವುದು, ಇದು ನನ್ನ ದಿನಚರಿ. ಕಚೇರಿಯಲ್ಲಿ ನನ್ನನ್ನು ತಿದ್ದಿದ ಹಿರಿಯ ಉಪಸಂಪಾದಕರು ಕಲಿಸಿದ್ದು ಒಂದೇ ಪಾಠ: ಕಂಡದ್ದನ್ನು ಕಂಡಿದ್ದೆಂದು ಬರೆ, ಕೇಳಿದ್ದನ್ನು ಕೇಳಿದ್ದೆಂದು ಬರೆ, ಎರಡನ್ನೂ ಒಂದೇ ವಾಕ್ಯದಲ್ಲಿ ಹಾಕಬೇಡ. ಮೊದಲ ದಿನದ ವರದಿಯಲ್ಲಿ ಬಟ್ಟೆ ಬಿಚ್ಚಿದವರು ಯಾರು ಎಂಬುದು ಗೊತ್ತಾಗಿಲ್ಲ ಎಂದು ಬರೆದೆ. ಕೆಲಸಗಾರರನ್ನೆಲ್ಲ ಕೇಳಿದ್ದೆ. "ಮದ್ದು ಹಾರೋ ಮುಂದ ತಲಿ ಎತ್ತತಾರೇನ್ರಿ? ತಗ್ಗಿನ್ಯಾಗ ಮುದುಡಿ ಕುಂತಿದ್ವಿ," ಎಂದರು. ಖಣಿಯ ಮುಕದ್ದಮ, ಕೂಲಿಗಳ ಮೇಲ್ವಿಚಾರಣೆ ಅವನದು, ಮಾತ್ರ ಸ್ಪಷ್ಟವಾಗಿ ಹೇಳಿದ: "ಬೆಂಕಿ ಕೊಟ್ಟಾವನೇ ಬಿಚ್ಚ್ಯಾನ. ಮತ್ತ್ಯಾರು ಬಿಚ್ಚತಾರ?" ನೀವು ನೋಡಿದಿರಾ ಎಂದೆ. "ನೋಡೋದೇನದ ಅದರಾಗ," ಎಂದ. ಇದನ್ನು ಕೇಳಿದ್ದರ ಸಾಲಿಗೆ ಹಾಕಿದೆ.

ಮರುದಿನ ಶಹಾಬಾದಿನ ಆಸ್ಪತ್ರೆಗೆ ಹೋದೆ. ಅಣ್ಣನನ್ನು ನೋಡಿಕೊಳ್ಳುತ್ತಿದ್ದವರು ಚಿಂಚೋಳಿ ಕಡೆಯ ಒಬ್ಬ ತರುಣ ವೈದ್ಯೆ, ಊರವರ ಬಾಯಲ್ಲಿ ಡಾಕ್ಟರಬಾಯಿ. ತಲೆಗೆ ಪಟ್ಟಿ ಸುತ್ತಿಕೊಂಡು ಅವನು ಎದ್ದು ಕುಳಿತಿದ್ದ. ತನ್ನ ಹೆಸರು, ಊರು, ಮಗಳ ಹೆಸರು ಎಲ್ಲ ಹೇಳಿದ. ಬೆಳಿಗ್ಗೆ ಮನೆ ಬಿಟ್ಟದ್ದು ನೆನಪಿತ್ತು. ಖಣಿಗೆ ಬಂದದ್ದು, ಕುಳಿ ತುಂಬಿದ್ದು, ಬತ್ತಿ ಹಚ್ಚಿದ್ದು ಯಾವುದೂ ಇರಲಿಲ್ಲ. ಆಸ್ಪತ್ರೆಗೆ ಬಂದದ್ದೂ ಇರಲಿಲ್ಲ.

"ನನ್ನ ತಮ್ಮ ಬಂದಾನೇನ್ರಿ?" ಎಂದು ನನ್ನನ್ನು ಕೇಳಿದ.

ನಾನು ವೈದ್ಯೆಯ ಮುಖ ನೋಡಿದೆ. ಅವರು ಹೊರಗೆ ಕರೆದು ಹೇಳಿದರು. "ನಿನ್ನೆ ಹೇಳೀವ್ರಿ ತಮ್ಮ ಹೋದ ಅಂತ. ಎದಿ ಎದಿ ಬಡ್ಕೊಂಡು ಅತ್ತ. ಬೆಳಿಗ್ಗಿ ಎದ್ದು ಮತ್ತ ಕೇಳ್ದ. ಮತ್ತ ಹೇಳೀವಿ, ಮತ್ತ ಅತ್ತ. ಈಗ ಮೂರನೇ ಸರ್ತಿ ಕೇಳಾಕತ್ತಾನ. ಇನ್ನ ಹೇಳಬ್ಯಾಡ್ರಿ ಅಂದೀನಿ ಎಲ್ಲರಿಗೂ. ಹೇಳಿದ್ದು ಉಳಿಯೋ ಹಂಗ ಆದ ಮ್ಯಾಲ ಒಂದೇ ಸರ್ತಿ ಹೇಳೋಣು."

ಎರಡನೇ ವರದಿಯಲ್ಲಿ, ಗಾಯಾಳುವಿಗೆ ಘಟನೆಯ ನೆನಪಿಲ್ಲ ಎಂದು ಬರೆದೆ. ಪತ್ರಿಕೆಗೆ ಅಷ್ಟರಲ್ಲಿ ಆ ಸುದ್ದಿ ಹಳೆಯದಾಗಿತ್ತು. ನನಗೆ ಹಳೆಯದಾಗಿರಲಿಲ್ಲ. ಕಾರಣ ಸತ್ತವನ ಹೆಂಡತಿ.

ಅಣ್ಣತಮ್ಮಂದಿರದು ಒಂದೇ ಮನೆ. ಅಣ್ಣನ ಹೆಂಡತಿ ಹಿಂದೆಯೇ ತೀರಿಕೊಂಡಿದ್ದಳು, ಅವನ ಮಗಳನ್ನು ಸಾಕುತ್ತಿದ್ದವಳು ಈಕೆ. ನಾನು ಮನೆಗೆ ಹೋದಾಗ ಮುಧೋಳದಿಂದ ಆಕೆಯ ತಂದೆ ಬಂದು ಕೂತಿದ್ದರು, ಮಗಳನ್ನು ಕರೆದೊಯ್ಯಲು. "ಕೊಂದಾವರ ಮನ್ಯಾಗ ನನ್ನ ಮಗಳ್ನ ಬಿಡಂಗಿಲ್ಲ," ಎಂದರು. ಆಕೆ ನನ್ನ ಕಡೆ ತಿರುಗಿ ಹೇಳಿದಳು:

"ಪೇಪರಿನವ್ರೇ, ನನಗ ಒಂದೇ ಮಾತು ಬೇಕ್ರಿ. ಬಟ್ಟಿ ಬಿಚ್ಚಿದ್ದು ಭಾವನೋ ಅಲ್ಲೋ? ಭಾವ ಅಂದ್ರ ನಾ ಅಪ್ಪನ ಜೋಡಿ ಹೋಗ್ತೀನಿ, ಅವರಿಗೆ ನೀರು ಕೊಡಾಕ ನನ್ನಿಂದ ಆಗಂಗಿಲ್ಲ. ಅಲ್ಲ ಅಂದ್ರ ಈ ಕೂಸಿನ ಬಿಟ್ಟು ನಾ ಎಲ್ಲಿಗೂ ಹೋಗಂಗಿಲ್ಲ. ಗೊತ್ತಿಲ್ಲ ಅಂತೀರಲ್ಲ, ಹಂಗಂದ್ರ ಏನು ಮಾಡ್ಲಿ?"

ಆಕೆಯ ಗಂಡ ಎಣಿಕೆ ತಪ್ಪುವವನಲ್ಲ ಎಂದು ಖಣಿಯವರೆಲ್ಲ ಹೇಳುತ್ತಿದ್ದರು. ಸದ್ದು ಒಂದು ಕಡಿಮೆ ಬಂದದ್ದು ಅವನಿಗೆ ತಿಳಿದೇ ಇರಬೇಕು. ಆದರೂ ಇಳಿದನೆಂದರೆ, ಕಂಬದ ಮೇಲೆ ಬಟ್ಟೆ ಇಲ್ಲದ್ದನ್ನು ಕಂಡು, ಅಣ್ಣ ನೋಡಿಯೇ ಬಿಚ್ಚಿದ್ದಾನೆ ಎಂದು ನಂಬಿ ಇಳಿದದ್ದು. ತನ್ನ ಕಿವಿಗಿಂತ ಅಣ್ಣನ ಕೈಯನ್ನು ನಂಬಿದ್ದ. ಬಿಚ್ಚಿದ ಕೈ ಅಣ್ಣನದೋ ಅಲ್ಲವೋ ಎಂಬುದು ಉಳಿದ ಪ್ರಶ್ನೆ.

ವಿಚಾರಣೆಗೆ ಒಬ್ಬ ಅಧಿಕಾರಿ ಬರುತ್ತಾರೆ, ಚಿತ್ತಾಪುರದಲ್ಲಿ ಹೇಳಿಕೆ ತೆಗೆದುಕೊಳ್ಳುತ್ತಾರೆ ಎಂದು ಗೊತ್ತಾಯಿತು. ಅಪ್ಪ ಮಗಳು ಅಲ್ಲಿಯವರೆಗೆ ಕಾಯುವುದಾಗಿ ಒಪ್ಪಿಕೊಂಡರು.

ಕೆಲವು ವಾರಗಳ ಮೇಲೆ ಮತ್ತೆ ಆಸ್ಪತ್ರೆಗೆ ಹೋದಾಗ ಅಣ್ಣ ನನ್ನನ್ನು ಗುರುತಿಸಿದ. ಹೇಳಿದ್ದು ಈಗ ಉಳಿಯುತ್ತಿತ್ತು. ತಮ್ಮ ಸತ್ತದ್ದು ಉಳಿದಿತ್ತು. ಮುಕದ್ದಮ ಮಂಚದ ಬದಿಯ ಸ್ಟೂಲಿನ ಮೇಲೆ ಕುಳಿತು ಮೋಸಂಬಿ ಸುಲಿಯುತ್ತಿದ್ದ. ದಿನವೂ ಬರುತ್ತಾನೆಂದು ತಿಳಿಯಿತು.

"ಬರ್ರಿ ಸಾಬ್, ಕುಂದ್ರಿ," ಎಂದ ಮುಕದ್ದಮ. "ನಿಮ್ಮ ಡಾಕ್ಟರಬಾಯಿ ಔಷಧಕ್ಕ ಬರದ ನೆನಪು ನನ್ನ ಮೋಸಂಬಿಗೆ ಬಂದದ ನೋಡ್ರಿ. ಹೇಳಪ್ಪಾ, ಹೇಳು."

ಅಣ್ಣ ಹೇಳಿದ. ಹೊಗೆ ಆರಿದ ಮೇಲೆ ತಾನು ಕಂಬದ ಹತ್ತಿರ ಬಂದದ್ದು, ಗಂಟು ಬಿಗಿದಿದ್ದು, ಉಗುರಿಗೆ ಬರದೆ ಹಲ್ಲಿನಿಂದ ಕಚ್ಚಿ ಬಿಚ್ಚಿದ್ದು. ಬಟ್ಟೆಯ ರುಚಿ ಉಪ್ಪುಪ್ಪಾಗಿದ್ದದ್ದು. ಬದಿಗೆ ನಿಂತ ತಮ್ಮ ನಕ್ಕು, "ಅಣ್ಣಾ, ಹಲ್ಲು ಉದುರೀತು, ಮುದುಕ ಆದಿ" ಎಂದದ್ದು. ಹೇಳುವಾಗ ಅವನ ತುಟಿಯ ತುದಿಯಲ್ಲಿ ಆ ನಗೆ ಬಂದು ಹೋಯಿತು. ಆಮೇಲೆ ಎರಡೂ ಕೈಯಿಂದ ಮುಖ ಮುಚ್ಚಿಕೊಂಡ. "ನಾನೇ ಬಿಚ್ಚೀನ್ರಿ. ನಾನೇ ಕೊಂದೀನಿ ಅವನ್ನ."

ಇದು ದೊಡ್ಡ ಸುದ್ದಿ. ಸಂಜೆಯ ಗಾಡಿಗೆ ಕೊಟ್ಟರೆ ನಾಡಿದ್ದು ಮೊದಲ ಪುಟ. ನಾನು ಕೊಡಲಿಲ್ಲ. ಒಂದು ವಿಷಯ ಕೂಡುತ್ತಿರಲಿಲ್ಲ. ಸದ್ದು ಎಣಿಸುವವನು ಬಟ್ಟೆ ಇಳಿಯುವವರೆಗೆ ದಿಬ್ಬ ಬಿಡುವುದಿಲ್ಲ. ದಿಬ್ಬವಿದ್ದದ್ದು ಖಣಿಯ ಆಚೆ ದಂಡೆಗೆ. ಬಟ್ಟೆ ಬಿಚ್ಚುವಾಗ ತಮ್ಮ ಕಂಬದ ಬದಿಗೆ ನಿಂತು ನಗುವುದು ಆಗದ ಮಾತು.

ವೈದ್ಯೆಯ ಕೋಣೆಗೆ ಹೋಗಿ ಇದನ್ನು ಹೇಳಿದೆ. ಅವರು ಬೆಂಗಳೂರಿನಲ್ಲಿ ಸಂಶೋಧನೆ ಮಾಡಬೇಕೆಂದಿದ್ದವರು, ಮನೆಯ ಕಾರಣಕ್ಕೆ ಮರಳಿದವರು. ಅವರ ಹಳೆಯ ಗುರುಗಳು ಆಗಾಗ ವಿಜ್ಞಾನ ಪತ್ರಿಕೆಗಳನ್ನು ಅಂಚೆಯಲ್ಲಿ ಕಳಿಸುತ್ತಿದ್ದರು. ಮೇಜಿನ ಮೇಲೆ ಗಾಯದ ಹತ್ತಿ, ಸ್ಪಿರಿಟ್ ಬಾಟಲಿಗಳ ನಡುವೆ ಅವು ಬಿದ್ದಿರುತ್ತಿದ್ದವು.

"ಪೇಪರಿನವ್ರು ಒಂದು ಕೇಳಿ ಮೂರು ಬರೀತೀರಿ. ಹೇಳ್ಲೋ ಬ್ಯಾಡೋ?" ಎಂದರು.

"ಒಂದೇ ಬರೀತೀನಿ, ಹೇಳ್ರಿ."

ಅವರು ಹೇಳಿದ್ದನ್ನು ನನಗೆ ತಿಳಿದಂತೆ ಇಲ್ಲಿ ಬರೆಯುತ್ತೇನೆ. ಮೆದುಳಿನ ಒಂದು ನರಕೋಶ ಮರದ ಹಾಗೆ ಕೊಂಬೆ ಚಾಚಿ ಸಾವಿರಾರು ನರಕೋಶಗಳನ್ನು ತಾಗುತ್ತದೆ. ತಾಗುವ ಜಾಗಕ್ಕೆ ಸಿನಾಪ್ಸ್ ಎನ್ನುತ್ತಾರೆ. ನಾವು ಏನನ್ನೋ ನೋಡಿದಾಗ, ಕಲಿತಾಗ, ಕೆಲವು ಸಿನಾಪ್ಸ್‌ಗಳಲ್ಲಿ ಸಂದೇಶದ ಓಡಾಟ ಜೋರಾಗುತ್ತದೆ. ಸ್ವಲ್ಪ ಹೊತ್ತಿನ ನೆನಪಿಗೆ ಅಷ್ಟೇ ಸಾಕು. ಅದು ನಾಳೆಗೂ ಉಳಿಯಬೇಕಾದರೆ ಆ ಜಾಗಗಳು ಗಟ್ಟಿಯಾಗಬೇಕು. ಗಟ್ಟಿಯಾಗಲು ಹೊಸ ಪ್ರೋಟೀನ್ ಬೇಕು.

"ಆ ಪ್ರೋಟೀನ್ ಎಲ್ಲಿಂದ ಬರ್ತದ?" ಎಂದೆ.

"ಅಲ್ಲೇ ಅದ ಮಜಾ. ಕೋಶದ ನಡುಮನ್ಯಾಗ ತಯಾರಾಗಿ ಕೊಂಬಿಗೆ ಹೋಗ್ತದ ಅಂತ ನಮಗ ಕಲಿಸಿದ್ರು. ಮದುವಿ ಮನ್ಯಾಗ ಒಂದೇ ಕಡೆ ರೊಟ್ಟಿ ಬಡಿದು ಊರಿಗೆಲ್ಲಾ ಹಂಚಿದಂಗ. ಆದ್ರ ನೆನಪಿಗೆ ಊರೆಲ್ಲಾ ರೊಟ್ಟಿ ಬ್ಯಾಡ್ರಿ. ಯಾವ ಮನಿಗೆ ಮಂದಿ ಬಂದಾರೋ ಆ ಮನಿಗಷ್ಟೇ ಬೇಕು. ನಡುಮನ್ಯಾಗ ಕುಂತಾಕಿಗೆ ಅದು ಹೆಂಗ ಗೊತ್ತಾಗಬೇಕು?" ಒಂದು ಪತ್ರಿಕೆ ತೆಗೆದು ಚಿತ್ರ ತೋರಿಸಿದರು. ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ತೆಗೆದದ್ದು, ನನಗೆ ಬೂದುಬಣ್ಣದ ಮಬ್ಬು ಮಾತ್ರ ಕಂಡಿತು. ಅವರ ಬೆರಳಿನ ತುದಿಗೆ ಕಪ್ಪು ಚುಕ್ಕೆಗಳ ಒಂದು ಗೊಂಚಲಿತ್ತು. "ಇವು ಪ್ರೋಟೀನ್ ಕಟ್ಟೋ ಕಣ. ಸಿನಾಪ್ಸಿನ ಬುಡಕ್ಕೇ ಕುಂತಾವ ನೋಡ್ರಿ. ಅಂದ್ರ ಒಲಿ ಮನಿಮನ್ಯಾಗ ಅದ. ಯಾವ ರೊಟ್ಟಿ ಅನ್ನೋ ಚೀಟಿ ನಡುಮನಿಯಿಂದ ಮೊದಲೇ ಬಂದಿರ್ತದ. ಯಾರ ಬಾಗಲಿಗೆ ಮಂದಿ ಬಂದ್ರೋ ಅವರು ಅಲ್ಲೇ ಒಲಿ ಹಚ್ಚಿ ಬಡೀತಾರ. ಆ ಮನಿ ಗಟ್ಟಿ ಆಗ್ತದ, ಬಾಜೂ ಮನಿ ಹಂಗೇ ಉಳೀತದ."

ನಾನು ಬರೆದುಕೊಳ್ಳುತ್ತಿದ್ದೆ. ಅವರು ನನ್ನ ಪೆನ್ನಿನ ಮೇಲೆ ಬೆರಳಿಟ್ಟರು. "ತಡೀರಿ. ಒಲಿ ಅಲ್ಲಿ ಅವ ಅನ್ನೋದು ಕಂಡದ್ದು. ನೆನಪಿಗಾಗಿ ಅವೇ ಉರೀತಾವ ಅನ್ನೋದು ಇನ್ನೂ ಊಹೆ. ತಲಿ ಪೆಟ್ಟಿಗೆ ಒಲಿ ಆರ್ತಾವ ಅನ್ನೋದು ಅದಕಿಂತ ದೊಡ್ಡ ಊಹೆ. ಊಹೆ ಅಂತನೇ ಬರೀರಿ. ಪಕ್ಕಾ ಗೊತ್ತಿರೋದು ಇಷ್ಟು. ಪ್ರೋಟೀನ್ ಕಟ್ಟೋದನ್ನ ತಡಿಯೋ ಔಷಧ ಇಲಿಗೆ, ಮೀನಿಗೆ ಕೊಟ್ಟು ನೋಡ್ಯಾರ. ಪಾಠ ಕಲೀತಾವ. ಜರಾ ಹೊತ್ತು ನೆನಪೂ ಇರ್ತದ. ಮರುದಿನ ಇರಂಗಿಲ್ಲ."

"ಹಂಗಾದ್ರ ಇವನಿಗೆ ಈಗ ಬಂದದ್ದು?"

"ಅದು ಹಳೇ ನೆನಪಲ್ರಿ. ಆ ಹೊತ್ತಿಂದು ಕಟ್ಟಿಲ್ಲ, ಕಟ್ಟದೇ ಇದ್ದದ್ದು ತಿರುಗಿ ಬರಂಗಿಲ್ಲ. ಮುಕದ್ದಮ ದಿನಾ ಬಂದು ಹೇಳ್ದ, ಅದು ಹೊಸಾ ಪಾಠ. ಈಗ ಮೆದುಳು ಸುಧಾರಿಸ್ಯದ, ಒಲಿ ಉರ್ಯಾಕತ್ತಾವ, ಕೇಳಿದ್ದೆಲ್ಲಾ ಗಟ್ಟಿ ಆಗಾಕತ್ತದ. ಇದು ಕಂಡದ್ದು, ಇದು ಕೇಳಿದ್ದು ಅಂತ ಹೆಸರು ಹಚ್ಚೋದು ಬ್ಯಾರೆ ಕೆಲಸ. ಅದು ಭಾಳ ಸಡಿಲ. ಮುಕದ್ದಮ ಬಟ್ಟಿ ಕೊಟ್ಟ. ಹಲ್ಲು, ಉಪ್ಪು, ತಮ್ಮನ ನಗಿ ಇವನೇ ಹಾಕ್ಕೊಂಡಾನ."

ಎದ್ದು ಬರುವವನು ಬಾಗಿಲಲ್ಲಿ ನಿಂತೆ. ಅವರು ಹೇಳಿದ ಒಂದು ಮಾತು ತಲೆಯಲ್ಲಿ ಉಳಿದಿತ್ತು. "ಜರಾ ಹೊತ್ತು ನೆನಪಿರ್ತದ ಅಂದ್ರಿ ಅಲ್ಲ?"

"ಹೂಂ. ತಲಿಗೆ ಪೆಟ್ಟಾದ ಮಂದ್ಯಾಗೂ ನೋಡ್ಯಾರ. ಬಿದ್ದ ಕೂಡಲೇ ಕೇಳಿದ್ರ ಏನಾತು ಅಂತ ಹೇಳ್ತಾರ. ಜರಾ ಹೊತ್ತು ಬಿಟ್ಟು ಕೇಳಿದ್ರ ಇಲ್ಲ." ಹೇಳುತ್ತ ಹೇಳುತ್ತ ಅವರಿಗೂ ಹೊಳೆಯಿತು. "ನನ್ನ ಕೈಗೆ ಬಂದಾಗ ತಡ ಆಗಿತ್ತು. ಬರೇ ತಮ್ಮ ಎಲ್ಲಿ ಅಂತಿದ್ದ. ಅದಕ್ಕೂ ಮೊದಲು ಯಾರರೇ ಇವನ ಬಾಜೂ ಇದ್ರೇನ್ರಿ?"

ಆ ದಿನ ಸಂಜೆ ಟ್ರಂಕ್ ಕಾಲ್ ಹಾಕಿ, ಸುದ್ದಿ ಇನ್ನೂ ಕಟ್ಟಬೇಕು ಎಂದು ಕಚೇರಿಗೆ ತಿಳಿಸಿದೆ. ವೈದ್ಯೆಯ ವಿವರಣೆಯನ್ನು ಲೇಖನವಾಗಿ ಕಳಿಸಲೇ ಎಂದೆ. "ನೀವು ಅಪಘಾತದ ಹಿಂದೆ ಹೋಗಿದ್ದೀರೋ ಕಾಲೇಜಿಗೆ ಹೋಗಿದ್ದೀರೋ?" ಎಂದರು ಆ ಕಡೆಯಿಂದ. ಆಮೇಲೆ ಚಿಕ್ಕದಾಗಿ ಬರೆಯಿರಿ ಎಂದರು.

ಗಾಯಾಳುವನ್ನು ಒಯ್ದದ್ದು ಕಲ್ಲಿನ ಲಾರಿಯಲ್ಲಿ. ಡ್ರೈವರ್ ವಾಡಿಯಲ್ಲೇ ಸಿಕ್ಕ. ಮುಂದೆ ಮುಕದ್ದಮ ಕುಳಿತಿದ್ದ, ಹಿಂದೆ ಒಬ್ಬ ಕೂಲಿ ಹೆಂಗಸು ಗಾಯಾಳುವಿನ ತಲೆ ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು ಎಂದ. ಅಪಘಾತದ ಮರುದಿನವೇ ಆಕೆ ಖಣಿ ಬಿಟ್ಟು ಮಳಖೇಡದ ಕಡೆ ತೊಗರಿ ಕೊಯ್ಲಿಗೆ ಹೋಗಿದ್ದಳು.

ಪ್ಯಾಸೆಂಜರ್ ಗಾಡಿ ಹಿಡಿದು ಚಿತ್ತಾಪುರ ದಾಟಿ ಮಳಖೇಡ ರೋಡಿನಲ್ಲಿ ಇಳಿದೆ. ಅಲ್ಲಿಂದ ಕಾಗಿಣಾ ಹೊಳೆಯ ಕಡೆಗೆ ನಡಿಗೆ. ಎರಡು ಹೊಲ ತಪ್ಪಿ ಮೂರನೆಯದರಲ್ಲಿ ಸಿಕ್ಕಳು, ನಡುವಯಸ್ಸಿನವಳು, ತಲೆಗೆ ಸೆರಗು ಬಿಗಿದು ತೊಗರಿ ಕಟ್ಟುತ್ತಿದ್ದಳು. ದಾರಿಯುದ್ದಕ್ಕೂ ನನಗಿದ್ದ ಚಿಂತೆ ಒಂದೇ: ಹೇಗೆ ಕೇಳುವುದು. ಬಟ್ಟೆ ಎಂಬ ಶಬ್ದ ನನ್ನ ಬಾಯಿಂದ ಮೊದಲು ಬರಬಾರದು. ಬಂದರೆ ನಾನೂ ಮೋಸಂಬಿ ಸುಲಿಯುವ ಮುಕದ್ದಮನೇ. ಲಾರಿಯಲ್ಲಿ ಶಹಾಬಾದಿಗೆ ಹೋದದ್ದು ಹೇಳು ತಾಯಿ ಎಂದಷ್ಟೇ ಕೇಳಿದೆ.

"ಯಾವ ಪೇಪರ್ ನಿಮ್ಮದು?" ಎಂದಳು. ಹೇಳಿದೆ. "ನಮಗ ಓದಾಕ ಬರಂಗಿಲ್ಲ, ರೊಟ್ಟಿ ಕಟ್ಟಾಕ ಬರ್ತದ. ಚೊಲೋ ದಪ್ಪ ಅದ ನಿಮ್ಮ ಪೇಪರು." ಪಕ್ಕದ ಹೆಂಗಸರು ನಕ್ಕರು. ಅವರನ್ನು ತೊಗರಿ ಸಾಲಿಗೆ ವಾಪಸು ಕಳಿಸಿ ಬದುವಿನ ಮೇಲೆ ಕುಳಿತಳು.

"ತಲಿಯಿಂದ ರಕ್ತ ಸುರ್ಯಾಕತ್ತಿತ್ತು. ಸೀರಿ ಒತ್ತಿ ಹಿಡಿದಿದ್ದೆ. ಎಚ್ಚರ ಇತ್ತು ಅವಂಗ. ಎದ್ದು ಎದ್ದು ಕುಂದರ್ತಿದ್ದ. ಬಟ್ಟಿ ಯಾರು ಬಿಚ್ಚಿದ್ರು, ಬಟ್ಟಿ ಯಾರು ಬಿಚ್ಚಿದ್ರು ಅಂತ ಒದರಾಕತ್ತಿದ್ದ. ಒಂದು ಒಳಗ ಅದ, ನಾ ಇನ್ನಾ ನೋಡಿಲ್ಲ, ತಮ್ಮಗ ಇಳೀಬ್ಯಾಡ ಅನ್ರಿ, ಅನ್ನಾಕತ್ತಿದ್ದ. ನಾ ಹೂಂ ಅಂದೆ. ಹೇಳ್ತೀನಿ, ಸುಮ್ಮನ ಮಲಗು ಅಂದೆ." ಕೈಗಂಟಿದ ತೊಗರಿ ಎಲೆ ಒರೆಸಿಕೊಂಡಳು. "ಅವನ ತಮ್ಮ ಅಲ್ಲೇ ಇದ್ದನ್ರಿ. ಅದೇ ಲಾರ್ಯಾಗ, ನನ್ನ ಕಾಲ ಹಂತ್ಯಾಕ, ಗೋಣಿ ತಟ್ಟಿನ ಕೆಳಗ. ಶಹಾಬಾದ ಬರೋದ್ರಾಗ ಬಟ್ಟಿ ಮಾತು ಬಿಟ್ಟ. ತಮ್ಮ ಎಲ್ಲಿ ಅಂತ ಕೇಳಾಕ ಸುರು ಮಾಡ್ದ."

ಇಷ್ಟು ದಿನ ಯಾಕೆ ಹೇಳಲಿಲ್ಲ ಎಂದೆ.

"ಯಾರು ಕೇಳಿದ್ರು? ನೀವು ಕೇಳಿದ್ರಿ, ಹೇಳಿದೆ."

ವಿಚಾರಣೆಯಲ್ಲಿ ಹೇಳುವೆಯಾ ಎಂದೆ. ಹೇಳಿದರೆ ಆ ಸುತ್ತಿನ ಯಾವ ಖಣಿಯೂ ಆಕೆಯನ್ನು ಕೆಲಸಕ್ಕೆ ಕರೆಯುವುದಿಲ್ಲ. ಅದನ್ನು ನಾನು ಮುಚ್ಚಿಡಲಿಲ್ಲ. ಸತ್ತವನ ಹೆಂಡತಿ ಕೇಳಿದ ಪ್ರಶ್ನೆಯನ್ನೂ ಹೇಳಿದೆ. "ಆ ಹುಡುಗಿ ಹಂಗ ಅಂದಳಾ?" ಎಂದಳು. ಕೊನೆಗೆ, "ನಿಮ್ಮ ಜೋಡಿ ಬರಂಗಿಲ್ಲ. ಪೇಪರಿನಾವ ಕಲಿಸಿ ಕರಕೊಂಡು ಬಂದಾನ ಅಂತಾರ. ನಾನೇ ಗಾಡಿ ಹತ್ತಿ ಬರ್ತೀನಿ, ದಿನ ಹೇಳ್ರಿ," ಎಂದಳು.

ವಿಚಾರಣೆ ನಡೆದದ್ದು ಚಿತ್ತಾಪುರದ ಸರ್ಕಾರಿ ಬಂಗಲೆಯ ಹಾಲಿನಲ್ಲಿ. ನಾನು ಹಿಂದಿನ ಬೆಂಚಿನಲ್ಲಿದ್ದೆ. ಅಣ್ಣ ಮೊದಲು ಹೇಳಿಕೆ ಕೊಟ್ಟ. ಗಂಟು, ಹಲ್ಲು, ಉಪ್ಪು, ಎಲ್ಲ ಬಂತು. ಸುಳ್ಳು ಹೇಳುವವನು ಆಗಾಗ ಎದುರಿಗಿದ್ದವರ ಮುಖ ನೋಡುತ್ತಾನೆ, ಇವನು ಯಾರನ್ನೂ ನೋಡಲಿಲ್ಲ. ಆಮೇಲೆ ಕೂಲಿ ಹೆಂಗಸು ನಿಂತು ಲಾರಿಯಲ್ಲಿ ಕೇಳಿದ್ದನ್ನು ಹೇಳಿದಳು. ಹೊಲದಲ್ಲಿ ಹೇಳಿದ್ದಕ್ಕಿಂತ ಒಂದು ಮಾತು ಹೆಚ್ಚಿಲ್ಲ, ಒಂದು ಕಡಿಮೆಯಿಲ್ಲ.

ಅಣ್ಣ ಎದ್ದು ನಿಂತ. "ಅಕ್ಕಾ, ನನ್ನ ಉಳಸಾಕ ಸುಳ್ಳು ಹೇಳಬ್ಯಾಡ. ನಾ ಬಿಚ್ಚೀನಿ, ನನ್ನ ಬಾಯಾಗ ಇನ್ನಾ ರುಚಿ ಅದ."

"ನಿನ್ನ ಉಳಿಸಿ ನನಗ ಏನು ಸಿಗೋದದೋ? ಇದ್ದ ಕೂಲಿ ಹೋತು. ನೀ ಒದರಿದ್ದು ನಾ ಕೇಳೀನಿ, ಅಷ್ಟೇ. ನಿನ್ನ ರಕ್ತ ಹತ್ತಿದ ಸೀರಿ ಇನ್ನಾ ಮನ್ಯಾಗದ."

ಅಧಿಕಾರಿ ವೈದ್ಯೆಯನ್ನು ಕೇಳಿದರು: "ಇಬ್ಬರಲ್ಲಿ ಯಾರು ಸುಳ್ಳು ಹೇಳುತ್ತಿದ್ದಾರೆ?"

"ಯಾರೂ ಇಲ್ಲ ಸರ್," ಎಂದರು ವೈದ್ಯೆ. ರೊಟ್ಟಿಯ ಉಪಮೆ ಬಿಟ್ಟು, ನಿಧಾನವಾಗಿ, ಯಾವುದು ಗೊತ್ತಿದೆ ಯಾವುದು ಊಹೆ ಎಂದು ಬೇರೆ ಬೇರೆ ಮಾಡಿ ವಿವರಿಸಿದರು. ಪೆಟ್ಟು ಬಿದ್ದ ಕೂಡಲೇ ಅವನ ಬಾಯಿಂದ ಬಂದದ್ದು, ಮೆದುಳಿನಲ್ಲಿ ಇನ್ನೂ ಆರದೆ ಇದ್ದ ಅನುಭವ. ಎರಡನೇ ದಿನ ಅದು ಇರಲಿಲ್ಲ, ತಾವೇ ಪರೀಕ್ಷಿಸಿದ್ದಾರೆ. ಮೂರು ವಾರದ ಮೇಲೆ ಬಂದದ್ದು ಕೇಳಿ ಕಟ್ಟಿಕೊಂಡದ್ದು. ಬರೆದುಕೊಳ್ಳುತ್ತಿದ್ದ ಗುಮಾಸ್ತರು ಎರಡು ಸಲ ತಡೆದು ಮತ್ತೆ ಹೇಳಿಸಿದರು.

ಮುಕದ್ದಮ, ತಾನು ಬಟ್ಟೆ ಬಿಚ್ಚಿದ್ದನ್ನು ನೋಡಿಲ್ಲ, ಕಟ್ಟಳೆಯ ಪ್ರಕಾರ ಅವನೇ ಬಿಚ್ಚಿರಬೇಕು ಎಂದು ತಿಳಿದೆ ಎಂದ. ನೀವೇ ಬಿಚ್ಚಿದಿರಾ ಎಂದು ಅಧಿಕಾರಿ ಕೇಳಿದರು. ಇಲ್ಲ ಎಂದ. ಆ ದಿನ ಲಾರಿಗಳು ಬಹಳ ಹೊತ್ತಿನಿಂದ ಕಾಯುತ್ತಿದ್ದವು ಎಂಬುದನ್ನು ಒಪ್ಪಿಕೊಂಡ. ಊರಲ್ಲಿ ಜನ ಏನು ಮಾತಾಡುತ್ತಿದ್ದರೆಂದು ನನಗೆ ಗೊತ್ತು. ಅದು ಕಂಡವರ ಮಾತಾಗಿರಲಿಲ್ಲ, ಆಗಲೂ ಬರೆಯಲಿಲ್ಲ, ಈಗಲೂ ಬರೆಯುವುದಿಲ್ಲ.

ಕೆಲವು ದಿನಗಳಲ್ಲಿ ಅಧಿಕಾರಿಯ ತೀರ್ಮಾನ ಬಂತು. ಮೇಲಿನ ಸಾಕ್ಷ್ಯದ ಆಧಾರದ ಮೇಲೆ, ಬೆಂಕಿ ಕೊಟ್ಟವನು ಬಟ್ಟೆ ಬಿಚ್ಚಿರಲಿಲ್ಲ. ಬಿಚ್ಚಿದವರು ಯಾರೆಂಬುದು ಸಾಬೀತಾಗಿಲ್ಲ. ಸುದ್ದಿಯನ್ನು ಗಾಡಿಗೆ ಕೊಟ್ಟು, ಅದು ಅಚ್ಚಾಗಿ ಬರುವ ಮೊದಲೇ ಅವರ ಮನೆಗೆ ಹೋದೆ.

ಮುಧೋಳದ ಮುದುಕರು ನನ್ನ ಮಾತು ಕೇಳಿ ತಮ್ಮ ಚೀಲ ತೆಗೆದುಕೊಂಡು ಎದ್ದರು. ಒಬ್ಬನೇ ಹೋಗುತ್ತೇನೆಂದರು. ಮಗಳು ಒಳಗೆ ಹೋಗಿ ತಂಬಿಗೆಯಲ್ಲಿ ನೀರು ತಂದು ಭಾವನ ಮುಂದಿಟ್ಟಳು. ಆಸ್ಪತ್ರೆಯಿಂದ ಬಂದ ಮೇಲೆ ಆಕೆ ಅವನಿಗೆ ನೀರು ಕೊಟ್ಟದ್ದು ಅದೇ ಮೊದಲು ಎಂದು ಆಮೇಲೆ ತಿಳಿಯಿತು. ಅವನು ಕುಡಿದ. ಕುಡಿದು, ನನ್ನನ್ನು ಕರೆದುಕೊಂಡು ಹೊರಗಿನ ಕಟ್ಟೆಗೆ ಬಂದ.

"ನಾ ಬಿಚ್ಚಿಲ್ಲ ಅಂತೀರಿ."

"ಇಲ್ಲ."

"ಡಾಕ್ಟರಬಾಯಿನೂ ಹಂಗೇ ಅಂದ್ರು. ನಾ ಒಪ್ಪೀನ್ರಿ. ಹುಡುಗಿ ಉಳೀತಾಳ, ನನ್ನ ಮಗಳಿಗೆ ತಾಯಿ ಉಳೀತಾಳ. ಚೊಲೋ ಆತು." ಆಮೇಲೆ ಕೇಳಿದ: "ಅವ ನಕ್ಕದ್ದು?"

ನಾನು ಅವನ ಕಡೆ ತಿರುಗಿದೆ.

"ಮುದುಕ ಆದಿ ಅಂದನಲ್ರಿ. ಅದೂ ಇಲ್ಲೇನು?"

ತಮ್ಮ ಆಗ ದಿಬ್ಬದ ಹಿಂದೆ ಇದ್ದ ಎಂದು ಹೇಳಬೇಕಾಯಿತು. ಅವನಿಗೂ ಅದು ಗೊತ್ತಿತ್ತು. ಎಷ್ಟೋ ವರ್ಷ ಜೊತೆಗೆ ಆ ಕೆಲಸ ಮಾಡಿದವರು.

"ಬಟ್ಟಿ ತಗೊಂಡು ಹೋಗ್ರಿ, ಅವನ್ನ ಬಿಟ್ಟು ಹೋಗ್ರಿ ಅಂದ್ರ ಆಗಂಗಿಲ್ಲ ಅಲ್ರಿ?" ಎಂದ. ಕೋಪದಿಂದಲ್ಲ, ಅಂಗಡಿಯಲ್ಲಿ ಕೇಳುವವನ ಹಾಗೆ ಕೇಳಿದ. "ಹಂಗಾದ್ರ ಅವನ್ನ ಕಡೇಕ ನಾ ಎಲ್ಲಿ ನೋಡೀನಿ?"

ಆಮೇಲೆ ತಡೆದು ತಡೆದು ಹೇಳಿದ. ಆ ಬೆಳಿಗ್ಗೆ ಇಬ್ಬರೂ ಒಂದೇ ಸೈಕಲ್ಲಿನ ಮೇಲೆ ಹೊರಟಿದ್ದರು. ತುಳಿಯುವವನು ತಮ್ಮ, ಹಿಂದೆ ಕ್ಯಾರಿಯರಿನ ಮೇಲೆ ಅಣ್ಣ. ಎದುರುಗಾಳಿ. ಅಂಗಿ ಬೆನ್ನಿಗೆ ಅಂಟಿತ್ತು. ಇದು ಅವನದೇ ನೆನಪು, ಮೊದಲ ದಿನದಿಂದಲೂ ಇದ್ದದ್ದು.

"ಬೆನ್ನಷ್ಟೇ ಕಾಣ್ತದ್ರಿ. ತಿರುಗದೇ ಏನೋ ಅಂದ, ಗಾಳಿಗೆ ಕೇಳ್ಲಿಲ್ಲ. ಖಣಿಗೆ ಹೋಗಿ ಕೇಳಿದ್ರಾತು ಅಂತ ಸುಮ್ಮನ ಕುಂತೆ." ತಲೆ ಎತ್ತಿ ನನ್ನನ್ನು ನೋಡಿದ. "ಕೇಳಿದ್ನೇನ್ರಿ ನಾ?"

ಖಣಿಗೆ ಹೋದ ಮೇಲಿನದು ಯಾವುದೂ ಅವನಲ್ಲಿ ಇರಲಿಲ್ಲ. ಕೇಳಿರಬಹುದು, ತಮ್ಮ ಹೇಳಿಯೂ ಇರಬಹುದು, ಇಬ್ಬರೂ ನಕ್ಕಿರಬಹುದು. ಬಟ್ಟೆಯ ಮಾತು ಹುಡುಕಿ ತಂದವನಿಗೆ ಇದೂ ಗೊತ್ತಿರಬೇಕು ಎಂಬಂತೆ ಅವನು ಕಾಯುತ್ತ ಕುಳಿತ.

ಗೊತ್ತಿಲ್ಲ ಎಂದೆ.